ಏನು ಕೊಟ್ರೂ ಚಿಂದಿ ಮಾಡೋ ನಾಯಿಗೆ ಬಾಳಿಕೆ ಬರೋ ಆಟಿಕೆ ಯಾವುದೈತೆ?

ಬಿಸಿಲೂರಿನವಳು · ಬಳ್ಳಾರಿ · ರಾತ್ರಿ 9:12

ಎಲ್ರಿಗೂ ನಮಸ್ಕಾರ. ನಮ್ಮದು ಬಳ್ಳಾರಿ, ಗಾಂಧಿನಗರ. ಮನೇಲಿ ರಂಗಿ ಅಂತ ಒಂದು ಕರಿ ಹೆಣ್ಣು ನಾಯಿ ಐತೆ. ತಾಯಿ ಲ್ಯಾಬ್ರಡಾರ್, ತಂದೆ ಯಾರು ಅಂತ ಆ ಓಣಿಗೇ ಗೊತ್ತು. ವಯಸ್ಸು ಎರಡರ ಹತ್ರ, ತೂಕ 28 ಕೆ.ಜಿ.

ಕೊಟ್ಟಿದ್ದನ್ನೆಲ್ಲ ಹರಿದು ಹಾಕುತ್ತೆ. ಮೆತ್ತನೆ ಗೊಂಬೆ ಕೊಟ್ರೆ ಮೊದಲು ಕಿವಿ ಹೋಗುತ್ತೆ, ಆಮೇಲೆ ಹೊಟ್ಟೆ ಸೀಳಿ ಹತ್ತಿ ಎಲ್ಲ ಹಾಲ್ ತುಂಬ, ಕೊನೆಗೆ ಒಳಗಿರೋ ಪೀಪಿ ಬಾಯಲ್ಲಿ. ಹಗ್ಗದ ಗಂಟನ್ನ ಎಳೆ ಎಳೆ ಬಿಚ್ಚುತ್ತೆ. 'ಎಂಥ ನಾಯಿ ಕಚ್ಚಿದ್ರೂ ಹರಿಯಲ್ಲ' ಅಂತ ಡಬ್ಬಿ ಮೇಲೆ ಬರೆದಿದ್ದ ಒಂದು ರಬ್ಬರ್ ರಿಂಗ್ (ಹೆಸರು ಬ್ಯಾಡ ಬಿಡ್ರಿ), ನಾವು ಊಟ ಮುಗಿಸಿ ಏಳೋದ್ರೊಳಗೆ ಎರಡು ತುಂಡು. ಮೊನ್ನೆ ಕೂಲರ್ ಹುಲ್ಲು ಕಿತ್ತು ಹಾಕ್ತು. ಏಪ್ರಿಲ್‌ನಾಗ ಬಳ್ಳಾರೀಲಿ ಕೂಲರ್ ಹೋದ್ರೆ ಏನು ಗತಿ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ.

ನಿಜವಾಗ್ಲೂ ತಡೆಯೋ ಆಟಿಕೆ ಯಾವುದೈತೆ? ಇಲ್ಲೇ ಸಿಗುತ್ತಾ, ಆನ್‌ಲೈನ್ ತರಿಸಬೇಕಾ? ನಮ್ಮತ್ತೆ 'ಒಂದು ಮೂಳೆ ಒಗಿ, ಸುಮ್ನಿರ್ತೈತೆ' ಅಂತಾರೆ. ಅದು ಸರೀನಾ?

ಕೋಟೆಬುಡದವ · ಬಳ್ಳಾರಿ · ರಾತ್ರಿ 9:20

ಕೂಲರ್ ಹುಲ್ಲು!! ನಮ್ಮನೇಲೂ ಅದೇ ಕಥೆ. ವೈರ್ ಮೇಲೆ ಒಂದು ಕಣ್ಣಿರ್ಲಿ ಅಕ್ಕಾ. ಹುಲ್ಲು ಮುಗಿದ ಮೇಲೆ ಅದರ ಸರದಿ.

ಖಡಕ್_ರೊಟ್ಟಿ · ರಾಯಚೂರು · ರಾತ್ರಿ 9:31

ನಾಯಿಗೆ ಆಟಿಕಿ? ನಮ್ಮಜ್ಜನ ಹೊಲದಾಗ ಯಾವಾಗ್ಲೂ ಮೂರ್ನಾಕು ನಾಯಿ ಇರತಿದ್ವು. ರೊಟ್ಟಿ, ನೀರು, ಹಬ್ಬಕ್ಕೊಂದು ಮೂಳಿ. ಒಂದರೆ ಚಪ್ಪಲಿ ಕಡದಿದ್ದು ನಾ ನೋಡಿಲ್ಲ. ಪ್ಯಾಟ್ಯಾಗ ನಾಯಿಗೆ ಲಾಡ ಜಾಸ್ತಿ ಆಗ್ಯದ, ಅಷ್ಟೇ.

ಮಾನ್ವಿಯವ_ಈಗ_ಬೆಂಗ್ಳೂರಾಗ · ರಾತ್ರಿ 9:38

ಖಡಕ್ ರೊಟ್ಟಿಯವರ, ನಿಮ್ಮಜ್ಜನ ನಾಯಿ ಇಡೀ ದಿನ ಹೊಲ ಸುತ್ತತಿತ್ತು, ಹೆಗ್ಗಣದ ಬಿಲ ಕೆದರತಿತ್ತು, ಹಂದಿ ಬೆನ್ನು ಹತ್ತತಿತ್ತು. ಚಪ್ಪಲಿ ಕಡಿಯಾಕ ಅದಕ ಪುರುಸೊತ್ತರೆ ಎಲ್ಲಿತ್ತು? ಮುಂಜಾನಿಂದ ಸಂಜಿತನ ಬಾಗಿಲ ಹಾಕಿದ ಮನಿಯೊಳಗ ಕೂತ ನಾಯಿಗೆ ಹಲ್ಲು ಬಿಟ್ರ ಬ್ಯಾರೆ ಏನು ಉದ್ಯೋಗ ಅದ?

ಖಡಕ್_ರೊಟ್ಟಿ · ರಾತ್ರಿ 9:41

ಅದು ಖರೇನ ಬಿಡ್ರಿ. ಆದ್ರೂ ಒಂದು ರಬ್ಬರ್ ತುಂಡಿಗೆ ಸಾವಿರ ರೂಪಾಯಿ ಸುರಿಯೂದು ನನಗ ಒಗ್ಗೂದಿಲ್ಲ.

ಪಶುವೈದ್ಯೆ · ರಾಯಚೂರು · ರಾತ್ರಿ 10:05

ಮೊದಲು ಅತ್ತೆಯವರ ಮೂಳೆಯ ವಿಷಯ. ಬೇಯಿಸಿದ ಮೂಳೆ ಕೊಡಲೇಬೇಡಿ. ಬೆಂದ ಮೂಳೆ ಉದ್ದುದ್ದ ಸೀಳಿ ಚೂಪು ಚೂರಾಗುತ್ತದೆ, ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಹಸಿ ಮೂಳೆಯಾದರೆ ಆದೀತು ಅಂತ ಕೆಲವರು ಹೇಳ್ತಾರೆ. ಆದರೆ ದನದ ಕಾಲಿನ ದಪ್ಪ ಮೂಳೆ ಹಲ್ಲನ್ನೇ ಮುರಿಯುವಷ್ಟು ಗಟ್ಟಿ. ಸಾರಿನಿಂದ ತೆಗೆದ ಮಟನ್ ಮೂಳೆಯಲ್ಲಿ ಉಪ್ಪು, ಖಾರ, ಈರುಳ್ಳಿ ಎಲ್ಲ ಹತ್ತಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತವೆ.

ಇನ್ನು ಆಟಿಕೆ. ಒಂದು ಹರಿದರೆ ಅದಕ್ಕಿಂತ ಗಟ್ಟಿ, ಅದೂ ಹೋದರೆ ಇನ್ನೂ ಗಟ್ಟಿ ಅಂತ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಕೊನೆಗೆ ಜಿಂಕೆ ಕೊಂಬು, ದನದ ಗೊರಸು, ಕಲ್ಲಿನಂಥ ನೈಲಾನ್ ತನಕ ಬಂದು ನಿಲ್ಲುತ್ತಾರೆ. ಅಲ್ಲಿ ಆಟಿಕೆ ಉಳಿಯುತ್ತದೆ, ಹಲ್ಲು ಹೋಗುತ್ತದೆ. ಬೆಳೆದ ನಾಯಿಗೆ 42 ಹಲ್ಲು. ಗಟ್ಟಿ ವಸ್ತು ಅಗಿಯುವಾಗ ಹೆಚ್ಚು ಭಾರ ಬೀಳುವುದು ಮೇಲ್ದವಡೆಯ ಎರಡೂ ಪಕ್ಕ ಇರುವ ದೊಡ್ಡ ಹಲ್ಲಿನ ಮೇಲೆ. ಅದು ಪದರದ ಹಾಗೆ ಸೀಳಿಬಿಡುತ್ತದೆ. ನಾಯಿ ಬಾಯಿಬಿಟ್ಟು ಹೇಳುವುದಿಲ್ಲ, ಊಟವನ್ನೂ ಮಾಡುತ್ತಿರುತ್ತದೆ. ಎಷ್ಟೋ ದಿನದ ಮೇಲೆ ಕಣ್ಣಿನ ಕೆಳಗೆ ಬಾವು ಬಂದಾಗ 'ಏನೋ ಕಡಿದಿದೆ' ಅಂತ ಕರ್ಕೊಂಡು ಬರ್ತಾರೆ. ನೋಡಿದರೆ ಬೇರಿನಲ್ಲಿ ಕೀವು.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ತಗ್ಗು ಬೀಳಬೇಕು. ಏನೂ ಆಗದಿದ್ದರೆ ಅಥವಾ ಅದರಿಂದ ನಿಮ್ಮ ಮೊಣಕಾಲ ಚಿಪ್ಪಿಗೆ ಹೊಡೆದುಕೊಳ್ಳೋಕೆ ನಿಮಗೇ ಹೆದರಿಕೆ ಆದರೆ, ಅದು ಹಲ್ಲಿಗೆ ಆಗದ ವಸ್ತು. ಗಾತ್ರ ಪೂರ್ತಿ ಬಾಯೊಳಗೆ ಹೋಗುವಷ್ಟು ಚಿಕ್ಕದಿರಬಾರದು.

ಗಣಿಧೂಳು · ಸಂಡೂರು · ರಾತ್ರಿ 10:14

ಇಷ್ಟೆಲ್ಲ ಯಾಕ್ರಿ ಮೇಡಂ. ನಮ್ಮ ಕಡೆ ಕನ್ವೇಯರ್ ಬೆಲ್ಟ್ ತುಂಡು ಎಲ್ಲಿ ನೋಡಿದ್ರೂ ಬಿದ್ದಿರ್ತಾವೆ. ಅದಿರು ಹೊತ್ತು ಸವೆಯದ ಬೆಲ್ಟು ನಾಯಿ ಹಲ್ಲಿಗೆ ಸವೆಯುತ್ತಾ? ಒಂದು ಅಡಿ ಕತ್ತರಿಸಿ ಕೊಟ್ಟಿದೀನಿ, ಹೋದ ದೀಪಾವಳಿಯಿಂದ ಅದೇ ಐತೆ. ಒಂದು ಪೈಸೆ ಖರ್ಚಿಲ್ಲ.

ಪಶುವೈದ್ಯೆ · ರಾತ್ರಿ 10:22

ದಯವಿಟ್ಟು ಬೇಡ. ಬೆಲ್ಟಿನಲ್ಲಿ ಬರೀ ರಬ್ಬರ್ ಇರಲ್ಲ, ಒಳಗೆ ಬಟ್ಟೆಯ ಪದರ ಇರುತ್ತದೆ, ಕೆಲವದರಲ್ಲಿ ಉಕ್ಕಿನ ತಂತಿ. ಹಳೇ ಟೈರ್ ಕತ್ತರಿಸಿ ಕೊಡುವವರಿಗೂ ಇದೇ ಮಾತು. ಅಂಚಿನಲ್ಲಿ ತಂತಿ ಬಿಚ್ಚಿಕೊಂಡರೆ ನಾಲಗೆ ಸೀಳುತ್ತದೆ, ನುಂಗಿದರೆ ಇನ್ನೂ ಕೆಟ್ಟದ್ದು. ಜೊತೆಗೆ ಅದಿರಿನ ಧೂಳು, ಗ್ರೀಸ್.

ಗಣಿಧೂಳು · ರಾತ್ರಿ 10:25

ನಮ್ಮ ನಾಯಿಗೇನೂ ಆಗಿಲ್ಲ ಮೇಡಂ. ನಿಮ್ಮ ಮಾತು ಕೇಳಿದೀನಿ, ತೊಳೆದು ಕೊಡ್ತೀನಿ.

ಪಶುವೈದ್ಯೆ · ರಾತ್ರಿ 10:26

ತೊಳೆದರೆ ಒಳಗಿನ ತಂತಿ ಹೋಗಲ್ಲ ಸರ್.

ಮಾನ್ವಿಯವ_ಈಗ_ಬೆಂಗ್ಳೂರಾಗ · ರಾತ್ರಿ 10:40

ಗಣಿಧೂಳು ಅವರದು ಪೂರಾ ಹುಚ್ಚು ವಿಚಾರ ಏನಲ್ಲ, ಆ ಹಾದಿಯೊಳಗೇ ಹುಟ್ಟಿದ್ದು ಕಾಂಗ್ ಅನ್ನೋ ಆಟಿಕಿ. ಅಮೆರಿಕಾದ ಕೊಲೊರಾಡೊ ಕಡೆ ಜೋ ಮಾರ್ಕ್‌ಹ್ಯಾಮ್ ಅಂತ ಒಬ್ಬಾತ. ಆತನ ಜರ್ಮನ್ ಶೆಫರ್ಡ್, ಫ್ರಿಟ್ಜ್ ಅಂತ ಹೆಸರು, ಕಲ್ಲು ಕಡದು ಕಡದು ಹಲ್ಲು ಸವೆಸಿಕೊಂಡಿತ್ತಂತ. ಈತ ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡಕೋತ ಒಂದೊಂದ ಸಾಮಾನು ಕಡೀಗೆ ಒಗೀತಿದ್ದ. ಅದರಾಗ ಸಸ್ಪೆನ್ಷನ್ನಿನ ಒಂದು ರಬ್ಬರ್ ತುಂಡು ಸಿಕ್ಕಿದ್ದೇ ನಾಯಿ ಕಲ್ಲು ಬಿಟ್ಟು ಅದನ್ನ ಹಿಡಕೊಂತು. 1976ರಾಗ ಅದನ್ನೇ ಆಟಿಕಿ ಮಾಡಿ ಮಾರಾಕ ಶುರು ಮಾಡಿದ್ರು. ಮ್ಯಾಲ ಸಣ್ಣ, ಕೆಳಗ ದಪ್ಪ, ನಡುವ ಟೊಳ್ಳು. ನೆಲಕ್ಕ ಬಿದ್ರ ಯಾವ ಕಡಿ ಜಿಗೀತದ ಗೊತ್ತಾಗೂದಿಲ್ಲ, ಅದೇ ಮಜಾ ನಾಯಿಗೆ.

ಕೆಂಪು ಬಣ್ಣದ್ದು ಸಾದಾ ನಾಯಿಗೆ, ಕರೇದು ಜೋರು ಕಡಿಯೂ ನಾಯಿಗೆ. ರಂಗಿಗೆ ಕರೇದೇ, ದೊಡ್ಡ ಸೈಜಿಂದೇ ಬೇಕು. ಸಣ್ಣದು ತರಬ್ಯಾಡ್ರಿ, ರೊಕ್ಕ ಉಳಸಾಕ ಹೋಗಿ ಗಂಟಲಾಗ ಸಿಕ್ಕಿಸಿಕೊಂಡೀತು.

ಖಡಕ್_ರೊಟ್ಟಿ · ರಾತ್ರಿ 10:44

ಅಂದ್ರ ಗ್ಯಾರೇಜ್ ಮೆಕ್ಯಾನಿಕ್ ಕಡೆ ಕೇಳಿದ್ರ ಪುಕಟ್ ಸಿಗತದ ಅಂದಂಗಾತು 😄

ಮಾನ್ವಿಯವ_ಈಗ_ಬೆಂಗ್ಳೂರಾಗ · ರಾತ್ರಿ 10:45

ಆಯಿಲ್ ಕುಡದ ರಬ್ಬರ್ ಅದು ಮಾರಾಯ. ಮೇಡಂ ಮತ್ತ ಬರತಾರ ನೋಡು.

ಸುಮ್ನೆ_ಓದೋವ · ಹೊಸಪೇಟೆ · ರಾತ್ರಿ 10:58

ಟೆನಿಸ್ ಬಾಲ್ ಯಾಕೆ ಯಾರೂ ಹೇಳ್ತಿಲ್ಲ? ಎಲ್ಲಾ ಕಡೆ ಸಿಗುತ್ತೆ, ಅಗ್ಗ.

ಪಶುವೈದ್ಯೆ · ರಾತ್ರಿ 11:03

ಎಸೆದು ತರಿಸೋಕೆ ಸರಿ, ಆಟ ಮುಗಿದ ಕೂಡಲೇ ಕಪಾಟಿಗೆ ಇಡಿ. ಅಗಿಯಲು ಬಿಡಬೇಡಿ. ಅದರ ಮೇಲಿನ ಜುಂಗು ನಮ್ಮ ಕಡೆಯ ಕೆಂಪು ಧೂಳನ್ನು ಹಿಡಿದುಕೊಂಡು ಮರಳು ಕಾಗದದ ಹಾಗೆ ಹಲ್ಲು ಉಜ್ಜುತ್ತದೆ. ದೊಡ್ಡ ದವಡೆಯ ನಾಯಿ ಅದನ್ನು ಅಮುಕಿ ಗಂಟಲಿಗೂ ಇಳಿಸಿಕೊಳ್ಳಬಹುದು.

ಜೀನ್ಸ್_ಮಾಸ್ತರು · ಬಳ್ಳಾರಿ · ಬೆಳಿಗ್ಗೆ 6:50

ರಾತ್ರಿ ಎಲ್ಲ ಬರೆದಿದೀರಿ, ಬಳ್ಳಾರಿ ನಾಯಿಗೆ ಬಳ್ಳಾರಿ ಔಷಧ ಯಾರೂ ಹೇಳಿಲ್ಲ. ಊರ ತುಂಬ ಜೀನ್ಸ್ ಹೊಲಿಯೋ ಘಟಕ ಅದಾವೆ. ಕಟಿಂಗ್ ಟೇಬಲ್ ಕೆಳಗೆ ಬೀಳೋ ಚಿಂದಿ ಮೂಟೆಗಟ್ಟಲೆ. ದಪ್ಪ ಡೆನಿಮ್ ಪಟ್ಟಿ, ಎರಡು ಮೊಳ ಉದ್ದ, ನಾಲ್ಕು ಬೆರಳು ಅಗಲ, ಮೂರು ತಗೊಂಡು ಬಿಗಿಯಾಗಿ ಜಡೆ ಹೆಣೀರಿ. ಎರಡೂ ತುದಿಗೆ ಗಂಟು. ಒಳ್ಳೆ ಜಗ್ಗಾಟದ ಹಗ್ಗ ಆಗುತ್ತೆ. ಹರಿದರೆ ಇನ್ನೊಂದು.

ಒಂದೆರಡು ಮಾತು. ಹೊಸಾ ಬಟ್ಟೆ ಬಣ್ಣ ಬಿಡುತ್ತೆ, ಬಿಸಿನೀರಲ್ಲಿ ಬಣ್ಣ ನಿಲ್ಲೋ ತನಕ ತೊಳೀರಿ. ಹಳೇ ಪ್ಯಾಂಟ್ ಆದ್ರೆ ಗುಂಡಿ, ಜಿಪ್, ಜೇಬಿನ ಮೂಲೆಗೆ ಹೊಡೆದಿರೋ ಸಣ್ಣ ತಾಮ್ರದ ರಿವಿಟ್ಟು ಎಲ್ಲ ಕತ್ತರಿಸಿ ತೆಗೀರಿ. ರಿವಿಟ್ ಜನ ಮರೀತಾರೆ. ಸ್ಟ್ರೆಚ್ ಬಟ್ಟೆ ಬ್ಯಾಡ, ಅದರಾಗ ಲೈಕ್ರಾ ಎಳೆ ಇರ್ತಾವೆ, ಉದ್ದಕ್ಕೆ ಎದ್ದು ಬರ್ತಾವೆ. ಗಟ್ಟಿ ಹತ್ತಿ ಡೆನಿಮ್ಮೇ ಆಗ್ಬೇಕು.

ಕೋಟೆಬುಡದವ · ಬೆಳಿಗ್ಗೆ 7:15

ಮಾಸ್ತರೇ, ಜೀನ್ಸ್ ಕಡಿಯೋದು ಕಲಿಸಿದ್ರೆ ನಾಳೆ ನಾವು ಹಾಕ್ಕೊಂಡಿರೋ ಪ್ಯಾಂಟೂ ಅದಕ್ಕೆ ಆಟಿಕೆನೇ ಅಲ್ವಾ?

ಜೀನ್ಸ್_ಮಾಸ್ತರು · ಬೆಳಿಗ್ಗೆ 7:22

ಬಿಗಿಯಾಗಿ ಹೆಣೆದ ಜಡೆ ಬೇರೆ, ಕಾಲಾಗಿರೋ ಪ್ಯಾಂಟ್ ಬೇರೆ. ನಾಯಿಗೆ ಅಷ್ಟು ಬುದ್ಧಿ ಐತೆ. ಮಕ್ಕಳಿಗಿಲ್ಲ, ಅದು ಬೇರೆ ವಿಚಾರ.

ಗಂಗಾವತಿ_ಗೂಡು · ಗಂಗಾವತಿ · ಬೆಳಿಗ್ಗೆ 7:40

ಜಡೆ ಚೊಲೊ ಐತಿ, ಆದ್ರ ಒಂಟಿಯಾಗಿ ಬಿಟ್ಟು ಹೋಗಬ್ಯಾಡ್ರಿ. ನಮ್ಮ ಪಕ್ಕದ ಮನಿ ನಾಯಿ ಹಗ್ಗದ ಎಳಿ ನುಂಗಿತ್ತು. ಒಂದು ತುದಿ ಹಿಂದ ಹೊರಗ ಬಂದಿತ್ತು, ಮನಿ ಯಜಮಾನ್ರು ಜಗ್ಗಾಕ ಹೊಂಟಿದ್ರು. ಡಾಕ್ಟ್ರು ಫೋನಿನ್ಯಾಗ 'ಮುಟ್ಟಬ್ಯಾಡ್ರಿ' ಅಂತ ಕೂಗಿದ್ರಂತ. ಆಪರೇಷನ್ ಆತು, ಈಗ ಆರಾಮ ಐತಿ.

ಪಶುವೈದ್ಯೆ · ಬೆಳಿಗ್ಗೆ 8:10

ಇದನ್ನು ಎಲ್ಲರೂ ಓದಿ. ನುಂಗಿದ ದಾರದ ಒಂದು ತುದಿ ನಾಲಗೆ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಕೊಂಡಿರುತ್ತದೆ, ಕರುಳು ಮಾತ್ರ ಮುಂದೆ ತಳ್ಳುತ್ತಲೇ ಇರುತ್ತದೆ. ಲಾಡಿ ಎಳೆದ ಪೈಜಾಮದ ನಡುವಿನಂತೆ ಕರುಳು ನೆರಿಗೆಗಟ್ಟಿ, ಆ ದಾರವೇ ಅದನ್ನು ಒಳಗಿಂದ ಕೊಯ್ಯುತ್ತದೆ. ಹೊರಗೆ ಕಾಣುವ ತುದಿ ಎಳೆದರೆ ಕೊಯ್ತ ಹೆಚ್ಚಾಗುತ್ತದೆ. ಎಳೆಯಬೇಡಿ, ಹಾಗೇ ಕರೆದುಕೊಂಡು ಬನ್ನಿ.

ಪದೇ ಪದೇ ವಾಂತಿ, ಊಟ ಬಿಡೋದು, ಹೊಟ್ಟೆ ಮುಟ್ಟಿದರೆ ಗುರ್ ಅನ್ನೋದು, ಕಕ್ಕಸು ಆಗದಿರೋದು, ಮೂಲೆ ಹಿಡಿದು ಮಲಗೋದು. ಆಟಿಕೆಯ ಚೂರು ಕಾಣೆಯಾಗಿದ್ದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಬಟ್ಟೆ, ರಬ್ಬರ್ ಎಷ್ಟೋ ಸಲ ಎಕ್ಸ್‌ರೇಯಲ್ಲಿ ನೇರವಾಗಿ ಕಾಣಲ್ಲ, ಸ್ಕ್ಯಾನಿಂಗ್ ಬೇಕಾಗುತ್ತದೆ. ಉಳಿದ ಚೂರು ಜೊತೆಗೆ ತಂದರೆ ಎಷ್ಟು ಒಳಗೆ ಹೋಗಿದೆ ಅಂತ ಅಂದಾಜು ಸಿಗುತ್ತದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ಬೇಡ. ಆ ಉಪ್ಪೇ ಜೀವ ತೆಗೆಯಬಹುದು.

ಬಿಸಿಲೂರಿನವಳು · ಬೆಳಿಗ್ಗೆ 8:31

ಓದಿ ಎದೆ ಝಲ್ ಅಂತು. ಹಗ್ಗ ಎಲ್ಲ ಅಟ್ಟಕ್ಕೆ ಹಾಕಿದೆ. ಮೇಡಂ, ಹಾಗಾದ್ರೆ ರಂಗಿ ಒಬ್ಳೇ ಇರುವಾಗ ಕೊಡೋಕೆ ಏನೂ ಇಲ್ವಾ? ನಾವಿಬ್ರೂ ಕೆಲಸಕ್ಕೆ ಹೋಗ್ತೀವಿ, ಅತ್ತೆ ಮಧ್ಯಾಹ್ನ ಮಲಗ್ತಾರೆ. ನಾಶ ಆಗೋದೆಲ್ಲ ಆ ಹೊತ್ತಲ್ಲೇ.

ಮಾನ್ವಿಯವ_ಈಗ_ಬೆಂಗ್ಳೂರಾಗ · ಬೆಳಿಗ್ಗೆ 9:02

ಒಬ್ಬಾಕೆ ಇದ್ದಾಗ ಆ ಟೊಳ್ಳು ರಬ್ಬರ್ ಒಂದೇ. ಒಳಗ ಊಟ ತುಂಬಿ ಕೊಡ್ರಿ. ರಬ್ಬರ್ ಕಡಿಯೂದು ಬಿಟ್ಟು ಒಳಗಿಂದು ನೆಕ್ಕಿ ತಗಿಯೂ ಕೆಲಸಕ್ಕ ಹತ್ತತದ, ಹಂಗಾಗಿ ಆಟಿಕೀನೂ ಉಳೀತದ. ಮೊದಲ ಒಂದೆರಡು ವಾರ ನೀವು ಮನ್ಯಾಗ ಇದ್ದಾಗ ಕೊಟ್ಟು ನೋಡ್ರಿ. ಚೂರು ಏಳಲಿಲ್ಲ ಅಂದ್ರ ಆಮ್ಯಾಲ ಬಿಟ್ಟು ಹೋಗ್ರಿ.

ನಮ್ಮ ಕಡಿಯವರಿಗೆ ತುಂಬಾಕ ಏನು ಕಡಿಮಿ? ಹುರದ ಶೇಂಗಾ ಸಿಪ್ಪಿ ತಗದು ಮಿಕ್ಸರಿಗೆ ಹಾಕಿ ಎಣ್ಣಿ ಬಿಡೂತನ ತಿರುವ್ರಿ. ಉಪ್ಪು ಬ್ಯಾಡ, ಬೆಲ್ಲ ಬ್ಯಾಡ. ಹೊರಗಿನ ಪೀನಟ್ ಬಟರ್ ತಂದ್ರ ಡಬ್ಬಿ ಓದ್ರಿ, ಕೆಲವದರಾಗ ಜೈಲಿಟಾಲ್ ಅನ್ನೂ ಸಕ್ಕರಿ ಬದಲಿ ಇರತದ. ಮನಷ್ಯಾಗ ಏನೂ ಆಗೂದಿಲ್ಲ, ನಾಯಿಗೆ ವಿಷ.

ಖಡಕ್_ರೊಟ್ಟಿ · ಬೆಳಿಗ್ಗೆ 9:10

ಶೇಂಗಾ ಹಿಂಡಿ ಹಾಕಿದ್ರ?

ಮಾನ್ವಿಯವ_ಈಗ_ಬೆಂಗ್ಳೂರಾಗ · ಬೆಳಿಗ್ಗೆ 9:11

ಖಾರ, ಬೆಳ್ಳುಳ್ಳಿ, ಉಪ್ಪು ಮೂರೂ ಅದಾವಲ್ಲೋ ಅದರಾಗ. ಹಿಂಡಿ ನೀ ತಿನ್ನು, ಬರೇ ಶೇಂಗಾ ಅದಕ ಕೊಡು.

ಪಶುವೈದ್ಯೆ · ಬೆಳಿಗ್ಗೆ 9:30

ಬೂಸು ಹಿಡಿದ ಶೇಂಗಾ ಮಾತ್ರ ಬೇಡ, ಅದರ ವಿಷ ಲಿವರಿಗೆ ಹೋಗುತ್ತದೆ. ಮತ್ತೆ ಶೇಂಗಾ ಕೊಬ್ಬಿನ ಕಾಳು, ಒಂದು ಚಮಚ ಸಾಕು. ರಂಗಿಯಲ್ಲಿ ಲ್ಯಾಬ್ ರಕ್ತ ಇದೆ, ಬೇಗ ದಪ್ಪ ಆಗ್ತಾಳೆ. ಒಳಗೆ ತುಂಬುವುದನ್ನು ದಿನದ ಊಟದ ಲೆಕ್ಕದಲ್ಲೇ ಹಿಡಿಯಿರಿ.

ಗಂಗಾವತಿ_ಗೂಡು · ಬೆಳಿಗ್ಗೆ 10:02

ಬ್ಯಾಸಗಿಗೆ ನಮ್ಮನಿ ಪದ್ಧತಿ ಹೇಳತೀನಿ. ರಾತ್ರಿ ಉಳದ ಅನ್ನಕ್ಕ ಸಪ್ಪನ ಮೊಸರು, ತುರಿದ ಗಜ್ಜರಿ ಕಲಸಿ ಆ ರಬ್ಬರಿನೊಳಗ ತುಂಬಿ, ಕೆಳಗಿನ ತೂತು ಮುಚ್ಚಿ ಫ್ರೀಜರಿಗೆ ಹಾಕೋದು. ಮುಂಜಾನೆ ಕಲ್ಲಾಗಿರತೈತಿ. ಮಧ್ಯಾಹ್ನ ಹೊರಗ ಬೆಂಕಿ ಬಿಸಲು ಇದ್ದಾಗ ಕೊಟ್ರ ಬಾಳ ಹೊತ್ತು ನೆಕ್ಕತೈತಿ, ಆಮ್ಯಾಲ ತಣ್ಣಗ ಮಲಗತೈತಿ. ಒಗ್ಗರಣಿ ಮಜ್ಜಿಗಿ, ಉಳ್ಳಾಗಡ್ಡಿ ಹಾಕಿದ್ದು ಕೊಡಬ್ಯಾಡ್ರಿ.

ಕರೆಂಟ್ ಹೋದ ದಿನ ಮಾತ್ರ ಪಂಚಾಯ್ತಿ.

ಖಡಕ್_ರೊಟ್ಟಿ · ಬೆಳಿಗ್ಗೆ 10:15

ನೀವೆಲ್ಲ ನಗ್ರಿ, ಆದ್ರ ಖಡಕ್ ಜೋಳದ ರೊಟ್ಟಿಗಿಂತ ಚೊಲೊ ಆಟಿಕಿ ಇಲ್ಲ. ಉಪ್ಪಿಲ್ಲದ್ದು ಒಂದು ಒಗದ್ರ ಕಟಂ ಕಟಂ ಅಂತ ಮುರಕೋತ ಕೂಡತದ. ನುಂಗಿದ್ರೂ ಹೊಟ್ಟಿಗೆ ಹೋತು, ಯಾವ ಆಪರೇಷನ್ನೂ ಬೇಕಾಗಿಲ್ಲ.

ಪಶುವೈದ್ಯೆ · ಬೆಳಿಗ್ಗೆ 10:20

ಇದಕ್ಕೆ ನನ್ನದೇನೂ ತಕರಾರಿಲ್ಲ 🙂

ಖಡಕ್_ರೊಟ್ಟಿ · ಬೆಳಿಗ್ಗೆ 10:21

ನೋಡ್ರೆಪ್ಪಾ, ಡಾಕ್ಟ್ರೇ ಒಪ್ಪಿದ್ರು!!

ಹೌಂಡ್_ಹುಚ್ಚ · ಕುಷ್ಟಗಿ · ಮಧ್ಯಾಹ್ನ 12:40

ಲ್ಯಾಬ್ ಸಾಕಿದ್ರ ಹಿಂಗೇ. ಅದು ಹೊಡದ ಹಕ್ಕಿನ ಬಾಯಾಗ ಹಿಡಕೊಂಡು ತರಾಕ ಬೆಳೆಸಿದ ತಳಿ, ಬಾಯಾಗ ಏನರೆ ಇರಲೇಬೇಕು. ಮುಧೋಳ ನಾಯಿ ಸಾಕ್ರಿ. ಅದಕ ಕಡಿಯೂದು ಬೇಕಾಗಿಲ್ಲ, ಓಡೂದು ಬೇಕು. 2005ರಾಗ ಅಂಚೆ ಇಲಾಖೆಯವರು ನಮ್ಮ ದೇಶದ ನಾಯಿಗಳ ಸ್ಟಾಂಪ್ ತಂದಾಗ ಮುಧೋಳದ್ದೂ ಇತ್ತು. ಮುಧೋಳದ ಹತ್ರ ತಿಮ್ಮಾಪುರದಾಗ ಇದಕ್ಕಂತಲೇ ಒಂದು ಸಂಶೋಧನಾ ಕೇಂದ್ರ ಐತಿ.

ಕೋಟೆಬುಡದವ · ಮಧ್ಯಾಹ್ನ 12:52

ಗಾಂಧಿನಗರದ ಸೈಟಿನಾಗ ಮುಧೋಳ ಓಡೋದೆಲ್ಲಿ ಗುರು? ಗೇಟಿಂದ ಬಾವಿಗಾ?

ಹೌಂಡ್_ಹುಚ್ಚ · ಮಧ್ಯಾಹ್ನ 12:55

ಜಾಗ ಇಲ್ಲದವರು ನಾಯಿ ಯಾಕ ಸಾಕಬೇಕು ಅನ್ನೂದೇ ನನ್ನ ಪ್ರಶ್ನಿ.

ಬಿಸಿಲೂರಿನವಳು · ಮಧ್ಯಾಹ್ನ 1:10

ಅಣ್ಣಾ, ಅದು ಮಳೇಲಿ ನಮ್ಮ ಗೇಟ್ ಕೆಳಗೆ ಕುಂಯ್‌ಗುಡ್ತಿದ್ದ ಮರಿ. ಜಾಗ ಅಳೆದು ತಂದಿದ್ದಲ್ಲ.

ಹೌಂಡ್_ಹುಚ್ಚ · ಮಧ್ಯಾಹ್ನ 1:14

ಹಂಗಾದ್ರ ಪುಣ್ಯದ ಕೆಲಸ ಮಾಡೀರಿ ಅಕ್ಕಾರ. ತಳಿ ಮಾತು ವಾಪಸ್. ಓಡಸೂ ಮಾತು ವಾಪಸ್ ಇಲ್ಲ. ಸೂರ್ಯ ಹುಟ್ಟೂಕಿಂತ ಮೊದಲ ಹೊರಗ ಕರಕೊಂಡು ಹೋಗ್ರಿ, ಹಗ್ಗ ಸಡಿಲ ಬಿಟ್ಟು ಅದು ಮೂಸೂ ಕಡಿ ಮೂಸಾಕ ಬಿಡ್ರಿ. ಮೂಸಿ ಮೂಸಿ ದಣದ ನಾಯಿ ಕೂಲರ್ ತಂಟೆಗೆ ಹೋಗೂದಿಲ್ಲ. ಹತ್ತು ಗಂಟೆ ಮ್ಯಾಲ ಡಾಂಬರಿನ ಮ್ಯಾಲ ನಡಸಬ್ಯಾಡ್ರಿ. ಅಂಗೈ ಹಿಂಭಾಗ ರಸ್ತಾಕ್ಕ ಇಟ್ಟು ನೋಡ್ರಿ, ನಿಮಗ ತಡಿಲಾರದ್ದು ಅದರ ಪಾದಕ್ಕೂ ತಡಿಯೂದಿಲ್ಲ.

ಕಿನ್ನಾಳ_ಬಣ್ಣ · ಕೊಪ್ಪಳ · ಮಧ್ಯಾಹ್ನ 2:20

ಆಟಿಕಿ ಅಂದ ಕೂಡ್ಲೆ ನಮ್ಮೂರ ನೆನಪಾತು. ಕಿನ್ನಾಳದ ಕಟ್ಟಿಗಿ ಗೊಂಬಿ ಮನಿಯೊಳಗ ಇದ್ರ ನಾಯಿಗೆ ಎಟುಕಲಾರದಂಗ ಇಡ್ರಿ. ಹಗರ ಕಟ್ಟಿಗಿ, ಮ್ಯಾಲ ಹುಣಸಿ ಬೀಜದ ಅಂಟು, ಅದರ ಮ್ಯಾಲ ಬಣ್ಣ. ನಾಯಿಗೆ ಹಪ್ಪಳ ಇದ್ದಂಗ. ನಮ್ಮ ಸೋದರಮಾವನ ಮನ್ಯಾಗ ಗರುಡನ ರೆಕ್ಕಿ ಹೋತು. ಜಿಐ ಟ್ಯಾಗ್ ಸಿಕ್ಕಿರೂ ಗೊಂಬಿ ಅದು, ನಾಯಿಗೇನು ಗೊತ್ತು!

ಸುಮ್ನೆ_ಓದೋವ · ಮಧ್ಯಾಹ್ನ 2:28

ಕೊಪ್ಪಳ ಜಿಲ್ಲೆಯವರು ತೊಗಲುಗೊಂಬೇನೂ ಹುಷಾರಾಗಿ ಇಡ್ರಪ್ಪ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಗೊಂಬೆ ಪೆಟ್ಟಿಗೆ ಹತ್ರ ರಂಗಿನ ಬಿಟ್ರೆ ರಾಮಾಯಣ ಒಂದೇ ರಾತ್ರಿಗೆ ಮುಗಿಯುತ್ತೆ.

ಕಿನ್ನಾಳ_ಬಣ್ಣ · ಮಧ್ಯಾಹ್ನ 2:30

😂😂 ಲಂಕಾದಹನ ಬ್ಯಾರೆ ಬೇಕಾಗಿಲ್ಲ

ನಿರ್ವಾಹಕ · ಮಧ್ಯಾಹ್ನ 3:00

ನಗು ಸಾಕು, ವಿಷಯಕ್ಕೆ ಬನ್ನಿ. ತೊಗಲಿನ ಮಾತು ಬಂದಿದ್ದಕ್ಕೆ ಕೇಳ್ತೀನಿ, ಅಂಗಡೀಲಿ ಬಿಳಿ ತೊಗಲಿನ ಗಂಟು ಮೂಳೆ ಮಾರ್ತಾರಲ್ಲ, ಅದು ಹೇಗೆ?

ಪಶುವೈದ್ಯೆ · ಮಧ್ಯಾಹ್ನ 3:25

ಬಾಯಲ್ಲಿ ನೆನೆದು ಮೆತ್ತಗಾಗುತ್ತದೆ, ಆತುರದ ನಾಯಿ ದೊಡ್ಡ ತುಂಡನ್ನೇ ನುಂಗಿಬಿಡುತ್ತದೆ. ಹೊಟ್ಟೆಯಲ್ಲಿ ಬೇಗ ಕರಗಲ್ಲ. ರಂಗಿಯಂಥ ನಾಯಿಗೆ ನಾನು ಹೇಳಲ್ಲ. ಹಿಮಾಲಯದ ಕಡೆಯ ಹಾಲಿನ ಗಟ್ಟಿ ಚೀಸ್, ಛುರ್ಪಿ, ಈಗ ಎಲ್ಲ ಕಡೆ ಬಂದಿದೆ. ತಿನ್ನೋ ಪದಾರ್ಥವೇ, ನಿಧಾನಕ್ಕೆ ಕರಗುತ್ತದೆ. ಆದರೆ ಉಗುರು ಪರೀಕ್ಷೆಯಲ್ಲಿ ಅದೂ ಫೇಲ್. ಮೆಲ್ಲಗೆ ಕೆರೆದು ತಿನ್ನುವ ನಾಯಿಗೆ ಆದೀತು, ಕಟಕ್ಕನೆ ಕಚ್ಚುವ ನಾಯಿಗೆ ಬೇಡ.

ಮಾನ್ವಿಯವ_ಈಗ_ಬೆಂಗ್ಳೂರಾಗ · ಸಂಜೆ 5:48

ಒಂದು ಮಾತು ಯಾರೂ ಆಡವಲ್ಲರು. ರಂಗಿ ಅಗಿಯೂ ನಾಯಿ ಅಲ್ಲ, ಹರಿಯೂ ನಾಯಿ. ಮೊದಲನೇ ಪೋಸ್ಟ್ ಮತ್ತೊಮ್ಮೆ ಓದ್ರಿ: ಕಿವಿ, ಆಮ್ಯಾಲ ಹೊಟ್ಟಿ, ಆಮ್ಯಾಲ ಪೀಪಿ. ಬ್ಯಾಟಿ ಹಿಡದ ಪ್ರಾಣಿ ಅದನ್ನ ಸೀಳೂ ಕ್ರಮ ಅದು. ಹುಡುಕೂದು, ಬೆನ್ನ ಹತ್ತೂದು, ಹಿಡಿಯೂದು, ಸೀಳೂದು, ತಿನ್ನೂದು. ಆಕೀಗೆ ಮಜಾ ಇರೂದು ಸೀಳೂದರಾಗೇ. ಎಂದೂ ಹರೀಲಾರದ ಆಟಿಕಿ ಕೊಟ್ರ ಎರಡ ದಿನ ನೋಡಿ, ಮೂಸಿ, ಮತ್ತ ಕೂಲರ್ ಕಡೇನ ಹೋಗತಾಳ. ಹರಿಯಾಕಂತಲೇ ಏನರೆ ಕೊಡ್ರಿ. ರಟ್ಟಿನ ಡಬ್ಬಿ ಚೊಲೊ. ಟೇಪು, ಸ್ಟೇಪಲ್ ಪಿನ್ನು ಕಿತ್ತು, ಒಳಗ ಆಕಿ ಊಟದ ಕಾಳು ಒಂದು ಮುಷ್ಟಿ ಚೆಲ್ಲಿ, ಮುಚ್ಚಳ ಮಡಚಿ ಕೊಡ್ರಿ. ಹರದು ಹರದು ಕಾಳು ಹುಡುಕತಾಳ. ಕಸಬರಿಗಿ ಹಿಡಿಯೂದು ನಿಮ್ಮ ಪಾಲಿಗೆ.

ಜೀನ್ಸ್_ಮಾಸ್ತರು · ಸಂಜೆ 6:05

ಈ ಮಾತು ನಿಜ. ನಮ್ಮಲ್ಲಿ ನೂಲಿನ ಕೋನ್ ಖಾಲಿಯಾದಾಗ ಒಳಗಿನ ರಟ್ಟಿನ ಕೊಳವೆ ಕೊಡ್ತೀವಿ. ಘಟಕದ ನಾಯಿಗೆ ಅದೇ ದೀಪಾವಳಿ.

ಕೋಟೆಬುಡದವ · ಸಂಜೆ 6:11

ರಟ್ಟು ತಿಂದ್ರೆ?

ಪಶುವೈದ್ಯೆ · ಸಂಜೆ 6:30

ಹರಿದು ಉಗುಳುವ ನಾಯಿಗೆ ತೊಂದರೆ ಇಲ್ಲ. ಚೂರು ಚೂರು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ನಿಂತು ಗಬಗಬ ನುಂಗುವ ನಾಯಿಯಾದರೆ ರಟ್ಟು ಬೇಡ. ಮೊದಲ ಸಲ ಪಕ್ಕದಲ್ಲಿ ಕೂತು ನೋಡಿ, ಯಾವ ಜಾತಿ ಅಂತ ಗೊತ್ತಾಗುತ್ತದೆ.

ಇನ್ನೊಂದು. ಬಾಯಲ್ಲಿ ಏನಾದರೂ ಇದ್ದಾಗ ಕೂಗಾಡಿ ಅಟ್ಟಿಸಿಕೊಂಡು ಹೋಗಿ ಕಿತ್ತುಕೊಳ್ಳಬೇಡಿ. 'ಇವರು ಬಂದರೆ ಹೋಯ್ತು' ಅಂತ ಲೆಕ್ಕ ಹಾಕಿ ಗುಳುಂ ಮಾಡೋದನ್ನು ಕಲಿಯುತ್ತದೆ. ಒಂದು ತುಂಡು ಬೇಯಿಸಿದ ಮೊಟ್ಟೆ ಹಿಡಿದು 'ಬಿಡು' ಅನ್ನಿ, ಅದು ಬಿಟ್ಟ ಮೇಲೆ ಕೊಡಿ. ಅಪಾಯ ಇಲ್ಲದ ವಸ್ತುವಾದರೆ ಅದನ್ನೇ ಮತ್ತೆ ವಾಪಸ್ ಕೊಡಿ. ಬಿಟ್ಟರೆ ನಷ್ಟ ಇಲ್ಲ ಅಂತ ನಾಯಿಗೆ ಅನ್ನಿಸಬೇಕು.

ಬಿಸಿಲೂರಿನವಳು · ರಾತ್ರಿ 8:15

ಇವತ್ತು ಆಫೀಸಿಂದ ಬರುವಾಗ ಪೆಟ್ ಶಾಪ್‌ಗೆ ಹೋಗಿದ್ದೆ. ಕರಿ ರಬ್ಬರ್ ದೊಡ್ಡ ಸೈಜು ಇಲ್ಲ ಅಂದ್ರು, ಆರ್ಡರ್ ಹಾಕಿದೀನಿ. ಬಿಳಿ ನೈಲಾನ್ ಮೂಳೆ ತೋರಿಸಿ 'ಇದು ಜನ್ಮಕ್ಕೂ ಹೋಗಲ್ಲ ಮೇಡಂ' ಅಂದ್ರು. ಉಗುರಿಂದ ಒತ್ತಿದೆ, ನನ್ನ ಉಗುರೇ ಬಗ್ತು. ವಾಪಸ್ ಇಟ್ಟು ಬಂದೆ.

ರಟ್ಟಿನ ಡಬ್ಬಿ ಕೊಟ್ಟಾಗ ಅತ್ತೆ ನೋಡಿ ನಕ್ಕಿದ್ದೇ ನಕ್ಕಿದ್ದು. 'ಕಸ ಮಾಡೋಕೆ ನೀನೇ ಸಾಮಾನು ಕೊಡ್ತೀಯಲ್ಲಮ್ಮ' ಅಂತ. ಆದ್ರೆ ರಂಗಿ ನುಂಗಲಿಲ್ಲ, ಉಗುಳಿದ್ಲು. ಕೂಲರ್ ಸುತ್ತ ಇಟ್ಟಿಗೆ ಜೋಡಿಸಿ, ವೈರ್‌ಗೆ ಪಿವಿಸಿ ಪೈಪ್ ಹಾಕಿಸಿದೀವಿ. ಮಾಸ್ತರೇ, ಚಿಂದಿ ಎಲ್ಲಿ ಸಿಗುತ್ತೆ? ಮೇಡಂ, ರಬ್ಬರ್ ಆಟಿಕೆ ಯಾವಾಗ ಬಿಸಾಡಬೇಕು ಅಂತ ಹೇಗೆ ಗೊತ್ತಾಗುತ್ತೆ?

ಪಶುವೈದ್ಯೆ · ರಾತ್ರಿ 8:40

ಪ್ರತಿ ಸಲ ತೊಳೆಯುವಾಗ ಹಿಂಡಿ, ಬಗ್ಗಿಸಿ ನೋಡಿ. ಹಲ್ಲಿನ ಗುರುತು ಇರಲಿ, ಪರವಾಗಿಲ್ಲ. ಬಿರುಕು ಕಂಡರೆ, ಅಂಚಿನಲ್ಲಿ ತುಂಡು ಎದ್ದಿದ್ದರೆ, ತೂತು ದೊಡ್ಡದಾಗಿ ನಾಲಗೆ ಸಿಕ್ಕಿಕೊಳ್ಳುವ ಹಾಗಿದ್ದರೆ ಅವತ್ತೇ ತೆಗೆಯಿರಿ. ಒಳಗೆ ಮೊಸರು ಉಳಿದರೆ ನಮ್ಮ ಸೆಕೆಗೆ ಒಂದೇ ದಿನದಲ್ಲಿ ಹುಳಿ ನಾತ, ಹಾಗಾಗಿ ಬಾಟಲಿ ಬ್ರಷ್ ಒಂದು ಇಟ್ಟುಕೊಳ್ಳಿ.

ಗಣಿಧೂಳು · ರಾತ್ರಿ 8:52

ಬೆಲ್ಟಿನ ಅಂಚು ನೋಡಿದೆ ಮೇಡಂ. ತಂತಿ ಇಲ್ಲ, ಬಟ್ಟೆ ಪದರ ಐತೆ. ಎದ್ದಿಲ್ಲ ಇನ್ನೂ.

ಪಶುವೈದ್ಯೆ · ರಾತ್ರಿ 8:53

'ಇನ್ನೂ' ಅಂದ್ರಲ್ಲ ಸರ್.

ಜೀನ್ಸ್_ಮಾಸ್ತರು · ರಾತ್ರಿ 9:05

ಅಕ್ಕಾ, ಕೌಲ್ ಬಜಾರ್ ಕಡೆ ಯಾವ ಘಟಕಕ್ಕೆ ಹೋಗಿ 'ನಾಯಿಗೆ' ಅಂತ ಕೇಳಿದ್ರೂ ನಗ್ತಾ ಕೊಡ್ತಾರೆ. ಕಟಿಂಗ್ ನಡೆಯೋ ಹೊತ್ತಿಗೆ ಬೆಳಿಗ್ಗೆ ಹೋಗ್ರಿ, ಸಂಜೆಗೆ ಚಿಂದಿ ಮೂಟೆ ಗುಜರಿಗೆ ಹೋಗಿರುತ್ತೆ. ಚೀಲ ನೀವೇ ತಗೊಂಡು ಹೋಗ್ರಿ. ದಪ್ಪ ಮಡಿಕೆ ಇರೋ ತುಂಡು ಆರಿಸಿಕೊಳ್ರಿ, ಸೊಂಟಪಟ್ಟಿ ಕತ್ತರಿಸಿದ್ದು ಸಿಕ್ಕರೆ ಇನ್ನೂ ಗಟ್ಟಿ.

ಖಡಕ್_ರೊಟ್ಟಿ · ರಾತ್ರಿ 9:09

ಮಾಸ್ತರ, ರಾಯಚೂರಿಗೆ ಒಂದು ಮೂಟಿ ಬಸ್ಸಿಗೆ ಹಾಕಿ ಕಳಸ್ತೀರೇನು? ಓಣ್ಯಾಗಿನ ಒಂದು ಮರಿ ನಿನ್ನಿಂದ ನಮ್ಮ ಕಟ್ಟಿ ಮ್ಯಾಲೇ ಮಲಗ್ಯದ. ಸಾಕೂದಿಲ್ಲ ಅಂತ ಹೇಳೀನಿ ಮನ್ಯಾಗ. ಸುಮ್ಮ ಇರ್ಲಿ ಅಂತ ಕೇಳಿದೆ.